ನಮ್ಮ ಮನೆಗೆ ಬಂದ ಕಾಲುಗಳು

ನಿವೃತ್ತನಾದ ಮೇಲೆ ಮಾಡಬೇಕೆಂದು ನಾನು ಅಂದುಕೊಂಡಿದ್ದ ಕೆಲಸ ಒಂದೇ, ಕೂರುವುದು. ಬಸ್ಸಿನಲ್ಲಿ ಕಂಡಕ್ಟರನಿಗೂ ಒಂದು ಸೀಟು ಇರುತ್ತದಲ್ಲ ಎಂದು ಜನ ಕೇಳುತ್ತಾರೆ. ಇರುತ್ತದೆ. ಅದರ ಮೇಲೆ ಯಾರದೋ ಕೂಸು ಮಲಗಿರುತ್ತದೆ, ಇಲ್ಲವೇ ಯಾರದೋ ಜೋಳದ ಚೀಲ ಕೂತಿರುತ್ತದೆ. ಮೀಸೆ ಮೂಡುವ ವಯಸ್ಸಿನಲ್ಲಿ ಬಸ್ಸು ಹತ್ತಿದವನು ತಲೆ ನರೆತ ಮೇಲೆ ಇಳಿದೆ. ನಡುವಿನ ಕಾಲವೆಲ್ಲ ನಿಂತೇ ಹೋಯಿತು. ಕೊನೆಯ ದಿನ ಡಿಪೋದಲ್ಲಿ ಹಾರ ಹಾಕಿ ನಾಲ್ಕು ಮಾತಾಡು ಎಂದಾಗ, ಕೂತು ಮಾತಾಡಬಹುದೇ ಎಂದು ಕೇಳಿದ್ದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ಮನೆಯ ಪಡಸಾಲೆಯಲ್ಲಿ ಒಂದು ಬೆತ್ತದ ಕುರ್ಚಿ ಹಾಕಿಕೊಂಡೆ. ಕಾಲು ಚಾಚಲು ನನ್ನ ಹೆಂಡತಿ ಪದ್ಮವ್ವ ಒಂದು ಮಣೆ ತಂದಿಟ್ಟಳು. ಆ ಮಳೆಗಾಲವಿಡೀ ಅಲ್ಲೇ ಕೂತು ಕಳೆದೆ. ಚಳಿ ಶುರುವಾಗುವ ಹೊತ್ತಿಗೆ ನನಗೆ ಒಬ್ಬರ ಕಾಲು ಬಂತು.

ನಮ್ಮ ಊರಿನಲ್ಲಿ ಹಾಗೆ. ಒಬ್ಬರ ಕೈಕಾಲಿನ ಅರಿವು ಹೋದರೆ ಅದು ಊರಿನ ಇನ್ನೊಬ್ಬರಿಗೆ ಬರುತ್ತದೆ. ಯಾರಿಗೆ ಬರುತ್ತದೆ ಎಂದು ಹೇಳಲಾಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಒಬ್ಬ ಮುದುಕನ ಪಾದ ಮರಗಟ್ಟಿದರೆ, ಅವನು ಮುಳ್ಳು ತುಳಿದಾಗ ಪೇಟೆಯಲ್ಲಿ ಬಟ್ಟೆ ಅಳೆಯುತ್ತಿರುವ ಯಾವನೋ ಹಲ್ಲು ಕಚ್ಚುತ್ತಾನೆ. ಕಳೆದವರು, ಹೊತ್ತವರು ಎಂದು ನಾವು ಕರೆಯುತ್ತೇವೆ. ಇದಕ್ಕೆ ಅದರದೇ ಮರ್ಯಾದೆಗಳಿವೆ. ಕಳೆದವರು ಮಧ್ಯಾಹ್ನದ ಬಿಸಿಲಿನಲ್ಲಿ ಬರಿಗಾಲಲ್ಲಿ ಓಡಾಡಬಾರದು. ಸ್ನಾನದ ನೀರನ್ನು ಮೊಣಕೈಯಿಂದ ಮುಟ್ಟಿ ನೋಡದೆ ಸುರಿದುಕೊಳ್ಳಬಾರದು. ಹೊತ್ತವರು ಯಾವ ಹೊತ್ತಿನಲ್ಲಿ ಬಂದು ಬಾಗಿಲು ತಟ್ಟಿದರೂ ಒಳಗೆ ಬಿಡಬೇಕು, ಕಾಲು ತೋರಿಸಬೇಕು. ಹೊತ್ತವರು ಬಾಗಿಲಲ್ಲಿ ಕೂತರೆ ಎಬ್ಬಿಸುವಂತಿಲ್ಲ. ಇವೆಲ್ಲ ನಮಗೆ ಬಸ್ಸಿನಲ್ಲಿ ಹೆಂಗಸರಿಗೆ ಮುಂದಿನ ಸೀಟು ಬಿಡುವಷ್ಟೇ ಸಹಜ. ಕೆಲವರು ಬಿಡುತ್ತಾರೆ, ಕೆಲವರು ಕಿಟಕಿಯಾಚೆ ನೋಡುತ್ತಾರೆ.

ಮೊದಲು ಬಂದದ್ದು ಜೋಮು. ಕಾಲ್ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ. ಕೂತು ಕೂತು ಹಿಡಿದಿರಬೇಕೆಂದು ಕೊಡವಿದೆ, ಹೋಗಲಿಲ್ಲ. ಒಂದು ಬೆಳಿಗ್ಗೆ ಕಂಬಳಿಯೊಳಗೆ ಬೆಚ್ಚಗೆ ಮಲಗಿದ್ದಾಗ ನನ್ನ ಅಂಗಾಲಿಗೆ ತೊಳೆದ ಕಲ್ಲುಹಾಸಿನ ತಣ್ಣನೆಯ ನೀರು ತಾಗಿತು. ಅದರ ಬೆನ್ನಿಗೇ ರಬ್ಬರ್ ಚಪ್ಪಲಿ, ಆಮೇಲೆ ಜಲ್ಲಿಕಲ್ಲಿನ ಹಾದಿ. ನನ್ನ ಕಾಲಿನ ಮೇಲೆ ಇನ್ನೊಂದು ಕಾಲು ತೊಡಿಸಿದಂತಿತ್ತು. ಆ ಕಾಲು ಸರಸರ ನಡೆಯಿತು, ಒಂದು ಏರು ಹತ್ತಿತು, ಒಂದು ಕಡೆ ಗೋಣಿತಟ್ಟಿನ ಮೇಲೆ ನಿಂತಿತು. ನಿಂತದ್ದು ನಿಂತೇ ಇತ್ತು. ನಾನು ಎದ್ದು, ತಿಂಡಿ ತಿಂದು, ಕುರ್ಚಿಯಲ್ಲಿ ಕೂತು, ಊಟ ಮಾಡಿ, ಮತ್ತೆ ಕೂತೆ. ಆ ಕಾಲು ಸಂಜೆಯವರೆಗೂ ಕೂರಲಿಲ್ಲ.

"ಯಾರದ್ರೀ?" ಎಂದು ಪದ್ಮವ್ವ ಕೇಳಿದಳು.

"ಯಾರದೋ. ಆದರ ನಿಂತು ಮಾಡೋ ಕೆಲಸದವರದು" ಎಂದೆ.

ಅವಳು ನಗಲಿಲ್ಲ. ನನ್ನ ಹಣೆಬರಹಕ್ಕೆ ಯಾರಾದರೂ ನಗಬಹುದಿತ್ತು. ಒಳಗೆ ಹೋಗಿ ಎಣ್ಣೆ ಬಿಸಿ ಮಾಡಿ ತಂದು ನನ್ನ ಕಾಲಿಗೆ ಹಚ್ಚಿದಳು. ಅದರಿಂದ ನನ್ನ ಕಾಲಿಗೆ ಹಿತವಾಯಿತು, ಆ ಇನ್ನೊಂದಕ್ಕೆ ಏನೂ ಆಗಲಿಲ್ಲ.

ಊರಿನ ರಸ್ತೆಗಳು ನನಗೆ ಚೆನ್ನಾಗಿ ಗೊತ್ತು. ಎಲ್ಲಿ ಡಾಂಬರು ಕಿತ್ತಿದೆ, ಎಲ್ಲಿ ಹಾಸುಗಲ್ಲು, ಎಲ್ಲಿ ಮರಳು ಎಂದು ಹಾದಿ ಹಿಡಿದು ಹುಡುಕಿದರೆ, ಆ ಕಾಲು ನೀರಿನ ಟ್ಯಾಂಕಿನ ಹಿಂದಿನ ಓಣಿಯಲ್ಲಿರುವ ಭೀಮಶಿಯ ಚಪ್ಪಲಿ ಕಾರ್ಖಾನೆಗೆ ಹೋಗಿ ನಿಲ್ಲುತ್ತಿತ್ತು. ಕಾರ್ಖಾನೆ ಎಂದರೆ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ. ಹೆಜ್ಜೆ ನೋಡಿದರೆ ಹೆಣ್ಣುಮಗಳದು ಎಂದು ನನಗೆ ಅನ್ನಿಸಿತ್ತು. ಹಾಗಾಗಿ ಪದ್ಮವ್ವನನ್ನು ಕರೆದುಕೊಂಡು ಹೋದೆ. ಕೆಲಸ ಬಿಟ್ಟು ಬಂದ ಹೆಂಗಸರನ್ನು ಅವಳೇ ಮಾತಾಡಿಸಿದಳು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಅವಳು ಒಬ್ಬೊಬ್ಬರ ಕಾಲಿನ ಹೆಬ್ಬೆರಳಿಗೆ ಕಡ್ಡಿ ಒತ್ತಿದಳು. ಒಬ್ಬಳ ಬೆರಳಿಗೆ ಒತ್ತಿದಾಗ ನಾನು ಹ್ಞಾಂ ಎಂದೆ.

ಅವಳ ಹೆಸರು ಜೈತೂನ್. ಮೂವತ್ತರ ಆಸುಪಾಸಿನ ಹೆಂಗಸು, ತೆಳ್ಳಗೆ, ಬೆರಳ ತುದಿಗಳಲ್ಲಿ ಒಣಗಿದ ಅಂಟು. ಗಂಡ ತೀರಿಕೊಂಡಿದ್ದ. ತಾಯಿಯ ಜೊತೆ ಟ್ಯಾಂಕಿನ ಕೆಳಗಿನ ಬಿಡಾರದಲ್ಲಿದ್ದಳು. ಚಪ್ಪಲಿಯ ಅಟ್ಟೆಗೆ ಮೇಲಿನ ಚರ್ಮ ಅಂಟಿಸುವ ಕೆಲಸ ಅವಳದು. ಅವಳಷ್ಟು ಅಚ್ಚುಕಟ್ಟಾಗಿ ಅಂಚು ಕೂಡಿಸುವವರು ಅಲ್ಲಿ ಬೇರೆ ಇರಲಿಲ್ಲವಂತೆ. ಅವಳಿಗೆ ನಾಚಿಕೆಯಾಯಿತು. ತನ್ನ ಕಾಲು ಸತ್ತ ಹಾಗಾಗಿದೆ ಎಂದು ಅವಳಿಗೆ ಗೊತ್ತಿತ್ತು, ಹೊತ್ತವರು ಯಾರೋ ಎಂದು ಎದುರು ನೋಡುತ್ತಿದ್ದಳಂತೆ. ನಿಮಗೆ ತೊಂದರೆ ಕೊಟ್ಟೆ ಕಾಕಾ ಎಂದಳು. ಕೆಲಸದ ನಡುವೆ ಒಂದಿಷ್ಟು ಕೂರಲು ಆಗುವುದಿಲ್ಲವೇ ಎಂದು ಕೇಳಿದೆ. ಕೂತರೆ ಕೈಗೆ ಒತ್ತು ಸಿಗುವುದಿಲ್ಲ ಎಂದಳು.

ಸರಕಾರಿ ಆಸ್ಪತ್ರೆಗೆ ಆ ವರ್ಷ ನಳಿನಾಕ್ಷಿ ಎಂಬ ಡಾಕ್ಟರು ಬಂದಿದ್ದರು. ಬೇರೆ ಸೀಮೆಯವರು, ಆದರೂ ನಮ್ಮ ಊರಿನ ರೀತಿಗೆ ಬೇಗ ಹೊಂದಿಕೊಂಡಿದ್ದರು. ಕೋಣೆಯಲ್ಲಿ ಎರಡು ಸ್ಟೂಲು ಹಾಕಿಸಿದ್ದರು, ಒಂದು ಕಳೆದವರಿಗೆ, ಇನ್ನೊಂದು ಹೊತ್ತವರಿಗೆ. ಜೈತೂನಳ ಪಾದಕ್ಕೆ ಅವರು ಹತ್ತಿಯ ಎಳೆ ತಾಗಿಸಿದರು, ಸೂಜಿಯ ಮೊನೆ ಮುಟ್ಟಿಸಿದರು, ಗುಂಯ್ ಎನ್ನುವ ಲೋಹದ ಕವೆಯನ್ನು ಹರಡಿನ ಗೆಣ್ಣಿಗೆ ಹಿಡಿದರು. ಅವಳು ಪ್ರತಿಸಲವೂ ತಲೆಯಾಡಿಸಿದಳು. ಪಕ್ಕದ ಸ್ಟೂಲಿನಲ್ಲಿ ಕಣ್ಣು ಮುಚ್ಚಿ ಕೂತ ನಾನು ಹತ್ತಿ, ಸೂಜಿ, ಈಗ ನಡುಗುತ್ತಿದೆ ಎಂದು ಹೇಳುತ್ತ ಹೋದೆ. ಹಿಮ್ಮಡಿಯ ಮೇಲಿನ ನರಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಅಲುಗಲಿಲ್ಲ. ಆಮೇಲೆ ಪಾದವನ್ನು ಮೇಲಕ್ಕೆ ಎತ್ತು ಎಂದರು. ಜೈತೂನ್ ಎತ್ತಲು ನೋಡಿದಳು. ಬಲಗಾಲು ಅರ್ಧ ಎದ್ದು ಜೋತುಬಿತ್ತು. ಡಾಕ್ಟರು ನನ್ನ ಕಡೆ ನೋಡಿದರು. ನನಗೆ ಅದರಿಂದ ಏನೂ ಆಗಿರಲಿಲ್ಲ. ಅರಿವು ಇನ್ನೊಬ್ಬರಿಗೆ ಬರುತ್ತದೆ, ಬಲ ಯಾರಿಗೂ ಬರುವುದಿಲ್ಲ. ಅದು ಹೋದರೆ ಹೋದದ್ದೇ.

ಕಾರಣ ಏನು ಎಂದು ಡಾಕ್ಟರು ಹುಡುಕತೊಡಗಿದರು. ಸಕ್ಕರೆ ಇರಲಿಲ್ಲ. ಕುಡಿತವಂತೂ ಇಲ್ಲ. ಕ್ಷಯಕ್ಕೆ ಗುಳಿಗೆ ತಿಂದಿದ್ದೀಯಾ ಎಂದು ಕೇಳಿದರು, ಕೆಲವು ಗುಳಿಗೆಗಳು ನರ ಸುಡುತ್ತವಂತೆ. ಇಲ್ಲ ಎಂದಳು. ಬೆನ್ನು, ತೋಳು ನೋಡಿ ಎಲ್ಲಾದರೂ ಬಿಳಿಚಿದ ಮಚ್ಚೆ ಇದೆಯೇ, ಮೊಣಕೈಯ ನರ ದಪ್ಪಗಾಗಿದೆಯೇ ಎಂದು ಪರೀಕ್ಷಿಸಿದರು. ಕುಷ್ಠವೂ ಅಲ್ಲ. ಹಾಲು, ಮೊಟ್ಟೆ, ಮಾಂಸ ಏನಾದರೂ ತಿನ್ನುತ್ತೀಯಾ ಎಂದರು. ಸಿಕ್ಕಿದಾಗ ತಿನ್ನುತ್ತೇನೆ ಎಂದಳು. ರಕ್ತ ತೆಗೆದು ಕಳಿಸಿದರು. ಅದರಲ್ಲೂ ಕೊರತೆ ಕಾಣಲಿಲ್ಲ. ಇಷ್ಟು ಚಿಕ್ಕ ವಯಸ್ಸಿಗೆ ಎರಡೂ ಕಾಲು ಒಂದೇ ಸಮ ಹೋಗಿವೆ, ಕೈಬೆರಳಿನಲ್ಲೂ ಶುರುವಾಗಿದೆ, ಏನೋ ಒಳಗೆ ಹೋಗುತ್ತಿದೆ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಉತ್ತರ ಅವರಿಗೆ ಹೊರಗಿನ ಬೆಂಚಿನ ಮೇಲೆ ಸಿಕ್ಕಿತು. ನಾವು ಎರಡನೆಯ ಸಲ ಹೋದಾಗ ಅಲ್ಲಿ ಒಬ್ಬ ತರಕಾರಿಯವಳು ಕಾಲು ಉಜ್ಜಿಕೊಳ್ಳುತ್ತ ಕೂತಿದ್ದಳು, ಅವಳ ಪಕ್ಕ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು. ಇಬ್ಬರೂ ಹೊತ್ತವರು. ಅವರ ಜೊತೆ ಬಂದಿದ್ದ ಕಳೆದವರಿಬ್ಬರನ್ನೂ ಜೈತೂನ್ ಹೆಸರು ಹಿಡಿದು ಮಾತಾಡಿಸಿದಳು. ಅವರೂ ಭೀಮಶಿಯ ಕೋಣೆಯವರು. ಡಾಕ್ಟರು ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಅದೇ ವಾರ ಅವರು ಕಾರ್ಖಾನೆಗೆ ಹೋಗಿ ಬಂದರು. ಅಲ್ಲಿ ಅಂಟಿಗೆ ಎಲ್ಲರೂ ಸಲೂಶನ್ ಎನ್ನುತ್ತಾರೆ. ಬೇಸಿಗೆಯ ಕೊನೆಗೆ ಭೀಮಶಿ ಹಳೆಯದನ್ನು ಬಿಟ್ಟು ಇನ್ನೊಂದು ಅಗ್ಗದ ಸಲೂಶನ್ ತರಿಸತೊಡಗಿದ್ದ. ಮಳೆ ಬಂತೆಂದು ಕಿಟಕಿಗಳಿಗೆ ಹಲಗೆ ಹೊಡೆದು ಮುಚ್ಚಿದ್ದರು, ಆಮೇಲೆ ಧೂಳು ಎಂದು ತೆರೆಯಲೇ ಇಲ್ಲ. ಅದು ಬೇಗ ಆರಿ ಹೋಗುವ ಅಂಟು. ಆರಿದ್ದೆಲ್ಲ ಉಸಿರಿನೊಳಗೆ ಹೋಗುತ್ತಿತ್ತು.

ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಆ ಅಂಟಿನ ಆವಿ ನರವನ್ನು ತುದಿಯಿಂದ ಕೊಲ್ಲುತ್ತ ಬರುತ್ತದೆ, ಮೈಯಲ್ಲಿ ಎಲ್ಲಕ್ಕಿಂತ ಉದ್ದನೆಯ ನರ ಕಾಲ್ಬೆರಳಿನದಾದ್ದರಿಂದ ಅಲ್ಲಿಂದಲೇ ಶುರುವಾಗುತ್ತದೆ. ಇದಕ್ಕೆ ಔಷಧಿ ಇಲ್ಲ. ಅಂಟಿನಿಂದ ದೂರ ಇದ್ದರೆ ನರ ತಾನಾಗಿ ಮತ್ತೆ ಬೆಳೆಯುತ್ತದೆ, ಬಹಳ ನಿಧಾನವಾಗಿ. ಇನ್ನೊಂದು ಮಾತನ್ನು ಅವರು ಎರಡು ಸಲ ಹೇಳಿದರು, ಬಿಟ್ಟ ಮೇಲೂ ಕೆಲವು ತಿಂಗಳು ಹೆಚ್ಚಾಗುತ್ತದೆ, ಆಗ ಹೆದರಬಾರದು.

ಜೈತೂನ್ ಎಲ್ಲ ಕೇಳಿಕೊಂಡಳು. ಹೊರಗೆ ಬಂದ ಮೇಲೆ, ನಾಳೆ ಕೆಲಸಕ್ಕೆ ಹೋಗುತ್ತೇನೆ ಎಂದಳು. ನಾನು ಸಿಟ್ಟು ಮಾಡಿದೆ. ಡಾಕ್ಟರು ಹೇಳಿದ್ದು ಕೇಳಲಿಲ್ಲವೇ, ನಿನ್ನ ಕಾಲು ಹೋಗುತ್ತದೆ, ನನಗೂ ರಾತ್ರಿಯಿಡೀ ಉರಿ ಎಂದೆ.

"ನಿಮಗ ನನ್ನ ಕಾಲಷ್ಟ ಬಂದೈತಿ ಕಾಕಾ" ಎಂದಳು. "ನನ್ನ ಹೊಟ್ಟಿ ಬಂದಿಲ್ಲ."

ಅವಳು ಕೆಲಸಕ್ಕೆ ಹೋದಳು. ನಾನು ಕುರ್ಚಿಯಲ್ಲಿ ಕೂತು ಅವಳ ಜೊತೆ ನಿಂತೆ. ಆ ದಿನಗಳಲ್ಲಿ ನನಗಾದ ದಣಿವನ್ನು ಹೇಗೆ ಹೇಳುವುದೋ ತಿಳಿಯದು. ನನ್ನ ಸ್ವಂತ ದಣಿವಾಗಿದ್ದರೆ ಮಲಗಿ ಕಳೆಯಬಹುದಿತ್ತು. ಇದು ಮಲಗಿದರೂ ಇರುತ್ತಿತ್ತು. ಮೊಣಕಾಲಿನವರೆಗೆ ಬಿಗಿಯಾದ ಕಾಲುಚೀಲ ಎಳೆದ ಹಾಗೆ, ಅದರೊಳಗೆ ಕೆಂಡದ ಪುಡಿ ಹಾಕಿದ ಹಾಗೆ. ನಾನು ಮಾತು ಕಡಿಮೆ ಮಾಡಿದೆ. ಪದ್ಮವ್ವನೂ ಮಾತು ಕಡಿಮೆ ಮಾಡಿದ್ದಳು. ನನ್ನ ಮೇಲಿನ ಕನಿಕರಕ್ಕೆ ಎಂದುಕೊಂಡೆ.

ಸಂಕ್ರಾಂತಿಗೆ ಹತ್ತಿರವಾದ ಒಂದು ಮಧ್ಯಾಹ್ನ ಬಲಗಾಲಿನ ಬದಿಗೆ ಬಿಸಿ ತಾಗಿತು. ಮೊದಲು ಹಿತವಾಗಿತ್ತು. ಆಮೇಲೆ ಸುಡತೊಡಗಿತು. ಅವಳ ಕಾಲು ಅಲ್ಲಿಂದ ಸರಿಯಲಿಲ್ಲ. ನಾನು ಚಪ್ಪಲಿ ಮೆಟ್ಟದೆ ಎದ್ದು ಓಡಿದೆ. ಓಡಿದೆ ಎಂದು ಹೇಳುತ್ತೇನೆ, ನನ್ನ ವಯಸ್ಸಿನವನು ಸುಡುವ ಕಾಲಿನಲ್ಲಿ ಎಷ್ಟು ಓಡುತ್ತಾನೆ. ಪೇಟೆಯ ತಿರುವಿನಲ್ಲಿ ಒಂದು ಕಂಬ ಹಿಡಿದು ನಿಂತೆ. ದಾರಿಯವರಿಗೆ ಅರ್ಥವಾಯಿತು, ಒಬ್ಬಾತ ತನ್ನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಟ್ಯಾಂಕಿನವರೆಗೆ ಬಿಟ್ಟ. ಕೋಣೆಗೆ ನುಗ್ಗಿದಾಗ ಜೈತೂನ್ ಅಂಚು ಕೂಡಿಸುತ್ತ ನಿಂತಿದ್ದಳು. ಅಂಟು ಕಾಯಿಸಲು ಇಟ್ಟಿದ್ದ ಕರೆಂಟಿನ ಒಲೆ ಮೇಜಿನ ಕೆಳಗೆ ಸರಿದು ಬಂದು ಅವಳ ಪಾದಕ್ಕೆ ಒತ್ತಿಕೊಂಡಿತ್ತು. ಚರ್ಮದ ವಾಸನೆ ಆ ಕೋಣೆಯಲ್ಲಿ ಯಾವಾಗಲೂ ಇರುವುದರಿಂದ ಯಾರಿಗೂ ಸಂಶಯ ಬಂದಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ಆಮೇಲೆ ತನ್ನ ಕಾಲು ನೋಡಿದಳು. ಅಳಲು ಅವಳಿಗೆ ನೋವೇ ಇರಲಿಲ್ಲ. ಸುಮ್ಮನೆ ನೆಲದ ಮೇಲೆ ಕೂತಳು. ಕೆಲಸದ ಹೊತ್ತಿನಲ್ಲಿ ಆ ಕಾಲು ಕೂತದ್ದು ನನಗೆ ಆವತ್ತೇ ಮೊದಲು ತಿಳಿದದ್ದು.

ಮರುದಿನ ಬೆಳಿಗ್ಗೆ ನಾನು ಹೋಗಿ ಭೀಮಶಿಯ ಕಾರ್ಖಾನೆಯ ಬಾಗಿಲಲ್ಲಿ ಕೂತೆ. ತರಕಾರಿಯವಳು ಬುಟ್ಟಿಯ ಸಮೇತ ಬಂದು ಕೂತಳು. ಡ್ರಾಯಿಂಗ್ ಮಾಸ್ತರು ಶಾಲೆಗೆ ರಜೆ ಹಾಕಿ ಬಂದರು. ಇನ್ನೂ ಇಬ್ಬರು ಬಂದರು. ಘೋಷಣೆ, ಕೂಗಾಟ ಯಾವುದೂ ಇರಲಿಲ್ಲ, ಅಷ್ಟು ಶಕ್ತಿ ಯಾರಲ್ಲೂ ಇರಲಿಲ್ಲ. ನಾವು ಗೋಡೆಗೆ ಒರಗಿ ಕೂತೆವು. ಮಾಸ್ತರಿಗೆ ಜೊಂಪು ಹತ್ತಿತು. ಕೆಲಸಕ್ಕೆ ಬಂದವರು ನಮ್ಮನ್ನು ದಾಟಿ ಒಳಗೆ ಹೋಗಲು ಸಂಕೋಚಪಟ್ಟು ಅಂಗಳದಲ್ಲೇ ನಿಂತರು. ಜೈತೂನ್ ಬಂದಿರಲಿಲ್ಲ. ಕಾಲಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದಳು. ಕಾಕಾ ನನ್ನ ಅನ್ನ ಕಿತ್ತುಕೊಳ್ಳಲು ಕೂತಿದ್ದಾರೆ ಎಂದು ಹೇಳಿಕಳಿಸಿದ್ದಳು.

ಭೀಮಶಿ ಕೆಟ್ಟವನಾಗಿದ್ದರೆ ನಮಗೆ ಸುಲಭವಾಗುತ್ತಿತ್ತು. ನನಗಿಂತ ಸ್ವಲ್ಪ ಚಿಕ್ಕವನು, ಬೆನ್ನು ಬಾಗಿದವನು, ಮಾಲೀಕನಾದರೂ ಆ ಕೋಣೆಯಲ್ಲೇ ಕೂತು ಅಟ್ಟೆ ಕತ್ತರಿಸುತ್ತಿದ್ದ. ಹೊರಗೆ ಬಂದು ನಮ್ಮೆದುರು ಕಟ್ಟೆಯ ಮೇಲೆ ಕೂತ. ಹಳೆಯ ಸಲೂಶನ್ ಹಾಕಿದರೆ ಪೇಟೆಯ ಸಾಹುಕಾರರು ಕೇಳುವ ದರಕ್ಕೆ ಚಪ್ಪಲಿ ಹೊರಡುವುದಿಲ್ಲ, ಮುಚ್ಚಿದರೆ ಇಷ್ಟು ಮಂದಿ ಎಲ್ಲಿ ಹೋಗಬೇಕು ಎಂದ. ತನಗೂ ಕಾಲಿನ ಅರಿವು ಹೋಗಿದೆ, ಯಾರು ಹೊತ್ತಿದ್ದಾರೋ ಗೊತ್ತಿಲ್ಲ, ಇಷ್ಟು ದಿನವಾದರೂ ಯಾರೂ ಬಂದು ಬಾಗಿಲು ತಟ್ಟಿಲ್ಲ ಎಂದ. ನಮಗೆಲ್ಲ ಚಹಾ ತರಿಸಿದ. ನಾವೂ ಕುಡಿದೆವು. ಹೀಗೆ ಎರಡನೆಯ ದಿನವೂ ಕಳೆಯಿತು. ಅವನು ಬಾಗಿಲು ಮುಚ್ಚಲಿಲ್ಲ, ನಾವು ಏಳಲಿಲ್ಲ. ಇದು ಎಲ್ಲಿಗೆ ಮುಟ್ಟುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಪದ್ಮವ್ವ ನನಗೆ ಬುತ್ತಿ ತಂದಳು. ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು. ಅವಳು ಬುತ್ತಿಯ ಗಂಟು ಬಿಚ್ಚುತ್ತಿದ್ದಾಗ ಭೀಮಶಿ ಚಹಾದ ಕಪ್ಪು ಹಿಡಿದು ಅದೇ ಕಟ್ಟೆಯ ಮೇಲೆ ಕೂತು ಮಾಸ್ತರ ಜೊತೆ ಮಾತಾಡುತ್ತಿದ್ದ. ಮಾತಿನ ಭರದಲ್ಲಿ ಅವನ ಕೈ ವಾಲಿತು. ಪದ್ಮವ್ವ ಸರಕ್ಕನೆ ಕಾಲೆಳೆದುಕೊಂಡಳು. ರೊಟ್ಟಿ ಮಣ್ಣಿಗೆ ಬಿತ್ತು. ಚೇಳು ಕಡಿಯಿತೇನೋ ಎಂದು ನಾನು ಅವಳ ಸುತ್ತ ನೆಲ ನೋಡಿದೆ. ಏನೂ ಇರಲಿಲ್ಲ. ಅವಳು ಒಂದು ಗಳಿಗೆ ಕಣ್ಣು ಮುಚ್ಚಿ ಕೂತಿದ್ದು, ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಭೀಮಶಿಯ ಕಡೆ ತಿರುಗಿದಳು.

"ಅಣ್ಣಾರ, ನಿಮ್ಮ ಕಾಲ ಮ್ಯಾಲ ಚಾ ಚೆಲ್ಲೈತಿ" ಎಂದಳು. "ಸುಡಾಕತ್ತೈತಿ. ಒರಸ್ಕೋರಿ."

ಭೀಮಶಿ ಬಗ್ಗಿ ನೋಡಿದ. ಪಾದದ ಮೇಲೆ ಚಹಾ ಹರಿದು ಬೆರಳ ಸಂದಿಗೆ ಇಳಿಯುತ್ತಿತ್ತು, ಚರ್ಮ ಕೆಂಪಾಗಿತ್ತು. ಅವನು ಒರೆಸಿಕೊಳ್ಳಲಿಲ್ಲ. ಅವಳನ್ನೇ ನೋಡುತ್ತ, ಯಾವಾಗಿನಿಂದ ಎಂದು ಕೇಳಿದ. ಶ್ರಾವಣದಿಂದ ಎಂದಳು. ಹೇಳಬೇಕಿತ್ತಲ್ಲ ತಾಯಿ ಎಂದ. ಯಾರ ಕಾಲೆಂದು ತನಗೂ ಈಗಲೇ ತಿಳಿದದ್ದು, ಗಂಡಸರ ಹೆಜ್ಜೆ ಎಂದಷ್ಟು ಮಾತ್ರ ಗೊತ್ತಿತ್ತು, ಪರಗಂಡಸಿನ ಕಾಲು ನನಗೆ ಬಂದಿದೆ ಎಂದು ಯಾರ ಹತ್ತಿರ ಹೇಳಿಕೊಂಡು ತಿರುಗುವುದು ಎಂದಳು. ಅಷ್ಟನ್ನೂ ಅವಳು ಮೆಲ್ಲಗೆ, ಮಣ್ಣಾದ ರೊಟ್ಟಿಯನ್ನು ಎತ್ತಿ ಕೊಡವುತ್ತ ಹೇಳಿದಳು. ಆಮೇಲೆ ತಲೆಯೆತ್ತಿದಳು.

"ನೀವು ದಿನಾ ಸಂಜಿಕ ಎಡವತೀರಿ ಅಣ್ಣಾರ. ಈಗೀಗ ಎರಡೂ ಕಾಲು. ಆ ಸಲೂಶನ್ ಡಬ್ಬಿ ಒಳಗ ತರಬ್ಯಾಡ್ರಿ. ನಿಮ್ಮ ಸಲುವಾಗಿರ ಬಿಡ್ರಿ."

ನಾವು ಐದು ಜನ ಮೂರು ದಿನ ಕೂತಿದ್ದರಲ್ಲಿ ಒಬ್ಬರೂ ಅವನ ಸಲುವಾಗಿ ಎಂದು ಹೇಳಿರಲಿಲ್ಲ. ಭೀಮಶಿ ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಡಬ್ಬಿಗಳನ್ನು ಒಂದೊಂದಾಗಿ ಹೊತ್ತು ತಂದು ಅಂಗಳದಲ್ಲಿಟ್ಟ. ಹೊಸ್ತಿಲು ದಾಟುವಾಗ ಎಡವಿದ. ಅವನ ಕೆಲಸದವರು ಬಂದು ಕೈ ಹಾಕಿದರು. ಆಮೇಲೆ ಯಾರೋ ಕಿಟಕಿಗಳಿಗೆ ಹೊಡೆದಿದ್ದ ಹಲಗೆ ಕೀಳುವ ಸದ್ದು ಕೇಳಿತು.

ಮನೆಗೆ ಹೋಗುವಾಗ ನಾವಿಬ್ಬರೂ ನಿಧಾನವಾಗಿ ನಡೆದೆವು. ಶ್ರಾವಣ ಎಂದರೆ ನಾನು ಕುರ್ಚಿ ಹಾಕಿಕೊಂಡು ಮಳೆ ನೋಡುತ್ತಿದ್ದ ಕಾಲ. ನನಗೆ ಜೈತೂನಳ ಕಾಲು ಬಂದಾಗ ಎಣ್ಣೆ ಕಾಯಿಸಿ ತಂದವಳು ಆಗಲೇ ಇನ್ನೊಬ್ಬರ ಕಾಲು ಹೊತ್ತು ಒಲೆಯ ಮುಂದೆ ನಿಂತಿದ್ದಳು. ನನಗಾದರೂ ಹೇಳಬೇಕಿತ್ತು ಎಂದೆ.

"ನೀವು ಆಗಷ್ಟ ಕುಂತಿದ್ರಿ" ಎಂದಳು.

ಮುಂದಿನದು ಬಹಳ ನಿಧಾನವಾಗಿ ನಡೆಯಿತು, ಹೇಳಲು ಹೆಚ್ಚೇನಿಲ್ಲ. ಭೀಮಶಿ ಅಂಟಿನ ಕೆಲಸವನ್ನು ಹಿತ್ತಲಿನ ಬಯಲಿಗೆ, ಚಪ್ಪರದ ಕೆಳಗೆ ತಂದ. ಹಳೆಯ ಸಲೂಶನ್ನಿಗೆ ಮರಳಿದ. ದರ ಏರಿತು, ಕೊಳ್ಳುವವರು ಕಡಿಮೆಯಾದರು, ಕೆಲಸದವರಲ್ಲಿ ಒಂದಿಷ್ಟು ಜನ ಇಟ್ಟಿಗೆಯ ಭಟ್ಟಿಗೆ ಹೋದರು. ಉಳಿದವರಿಗೆ ಅಂಟು ಬಿಟ್ಟು ದಾರದಲ್ಲಿ ಹೊಲಿಯುವ ಚಪ್ಪಲಿಯ ಕೆಲಸ ಕೊಟ್ಟ. ಜೈತೂನಳಿಗೆ ಯಾವ ಕೆಲಸವೂ ಆಗುತ್ತಿರಲಿಲ್ಲ. ಡಾಕ್ಟರು ಹೇಳಿದಂತೆಯೇ ಬಿಟ್ಟ ಮೇಲೂ ಹೆಚ್ಚಾಯಿತು. ಎರಡೂ ಪಾದ ಜೋತುಬಿದ್ದವು, ಬಟ್ಟಲು ಹಿಡಿದರೆ ಕೈಯಿಂದ ಜಾರುತ್ತಿತ್ತು. ನನಗೆ ಅವಳ ಕಾಲು ಮೊಣಕಾಲು ದಾಟಿ ತೊಡೆಯ ತನಕ ಬಂತು, ಬೆರಳುಗಳೂ ಬಂದವು. ಪದ್ಮವ್ವ ದಿನಾ ಅವರ ಮನೆಗೆ ಬುತ್ತಿ ಕಟ್ಟಿ ಕಳಿಸಿದಳು. ಜೈತೂನ್ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ನಾನು ಹೋಗಿ ಅವಳ ಸುಟ್ಟ ಗಾಯದ ಪಟ್ಟಿ ಬದಲಿಸುವುದನ್ನು ನೋಡಿ ಬರುತ್ತಿದ್ದೆ. ಅವಳ ತಾಯಿ ಗಾಯ ತೊಳೆಯುತ್ತಿದ್ದಳು. ಬಾಗಿಲ ಬಳಿ ಕೂತ ನಾನು ಕಣ್ಣೀರು ಒರೆಸಿಕೊಳ್ಳುತ್ತಿದ್ದೆ. ಜೈತೂನ್ ಗೋಡೆ ನೋಡುತ್ತಿದ್ದಳು. ಒಂದು ದಿನ ಗೋಡೆ ನೋಡುತ್ತಲೇ, ಮೆತ್ತಗ ತೊಳಿ ಅಮ್ಮಾ, ಕಾಕಾಗ ಉರೀತೈತಿ ಎಂದಳು. ಅಲ್ಲಿಂದ ಮಾತು ಶುರುವಾಯಿತು.

ಬೇಸಿಗೆ ಕಳೆದು, ಇನ್ನೊಂದು ಮಳೆಗಾಲದ ನಡುವೆ, ನನ್ನ ತೊಡೆಯಿಂದ ಅವಳ ಅರಿವು ಇಳಿಯತೊಡಗಿತು. ಬಂದ ದಾರಿಯಲ್ಲೇ ಹಿಂದಕ್ಕೆ. ಮೊದಲು ಮೊಣಕಾಲು ನನ್ನೊಬ್ಬನದೇ ಆಯಿತು, ಆಮೇಲೆ ಮೀನಖಂಡ. ಅದೇ ಹೊತ್ತಿಗೆ ಅವಳಿಗೆ ಅಲ್ಲಲ್ಲಿ ಇರುವೆ ಹರಿಯುತ್ತಿತ್ತು. ಡಾಕ್ಟರು ಮತ್ತೆ ಎರಡು ಸ್ಟೂಲಿನ ಮೇಲೆ ಕೂರಿಸಿ ಹತ್ತಿ ಮುಟ್ಟಿಸಿದರೆ ಇಬ್ಬರೂ ಒಟ್ಟಿಗೇ ಹ್ಞಾಂ ಎಂದೆವು. ಪಾದ ಎತ್ತು ಎಂದಾಗ ಎತ್ತಿದಳು, ಬಹಳ ಹೊತ್ತಲ್ಲ, ಆದರೆ ಎತ್ತಿದಳು. ಮುಂದಿನ ಚಳಿಗಾಲಕ್ಕೆ ಅವಳು ಹೊಲಿಗೆಯ ಕೆಲಸಕ್ಕೆ ಹೋಗತೊಡಗಿದಳು. ಕೂತು ಮಾಡುವ ಕೆಲಸ. ಬೆರಳು ಮೊದಲಿನಷ್ಟು ಚುರುಕಿಲ್ಲ, ಅಂಚು ಮೊದಲಿನಷ್ಟು ನೇರ ಬರುವುದಿಲ್ಲ ಎಂದು ಅವಳಿಗೆ ಬೇಸರವಿದೆ. ಒಂದು ದಿನ ಸೂಜಿ ಚುಚ್ಚಿಕೊಂಡು, ಆ ಬೆರಳನ್ನು ತೋರಿಸಲೆಂದೇ ನಮ್ಮ ಮನೆಗೆ ಬಂದಳು. ನಿಮಗೇನಾದರೂ ಆಯಿತೇ ಕಾಕಾ ಎಂದು ಕೇಳಿದಳು. ನನಗೆ ಏನೂ ಆಗಿರಲಿಲ್ಲ. ಅವಳು ಬೆರಳು ಬಾಯಲ್ಲಿಟ್ಟುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಅತ್ತಳು. ಅತ್ತು ಮುಗಿಸಿ ಚಹಾ ಕುಡಿದು ಹೋದಳು.

ಭೀಮಶಿಯ ಕಾಲು ಮಾತ್ರ ಹಿಂತಿರುಗಲಿಲ್ಲ. ಡಾಕ್ಟರು ಅವನ ರಕ್ತ ನೋಡಿದಾಗ ಸಕ್ಕರೆಯೂ ಇತ್ತು, ಎಷ್ಟು ಕಾಲದಿಂದಲೋ. ಅಂಟು ಬಿಟ್ಟರೂ ಸಕ್ಕರೆ ಬಿಡುವುದಿಲ್ಲ, ಇದ್ದದ್ದು ಉಳಿದರೆ ಸಾಕು, ದಿನಾ ಕಾಲು ತೊಳೆದು ಬೆರಳ ಸಂದಿ ನೋಡಿಕೊಳ್ಳಿ ಎಂದರು. ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಕಣ್ಣೂ ಅಷ್ಟಕ್ಕಷ್ಟೇ. ಹಾಗಾಗಿ ಪದ್ಮವ್ವನಿಗೆ ಆ ಕಾಲು ಕಾಯಂ ಆಯಿತು. ಅವಳು ಇದನ್ನು ಕೇಳಿದಾಗ ಹಿಟ್ಟು ನಾದುತ್ತಿದ್ದಳು, ನಾದಿದಳು.

ನನ್ನ ಕಾಲು ನನ್ನದೇ ಆದ ಮೇಲೆ ನನಗೆ ಕೂರುವುದು ರುಚಿಸಲಿಲ್ಲ. ಒಂದು ಸಂಜೆ ಅವಳು ಗೋಡೆ ಹಿಡಿದು ನಡೆಯುವುದನ್ನು ಕಂಡು, ಇಲ್ಲಿ ಕೂರು, ಕಾಲು ಒತ್ತುತ್ತೇನೆ ಎಂದೆ. ಅವಳು ಹೌಹಾರಿದಳು. ಗಂಡನಾದವನು ಹೆಂಡತಿಯ ಕಾಲು ಮುಟ್ಟುವುದೇ, ಅಂಥ ಪಾಪ ಕಟ್ಟಿಕೊಳ್ಳಲಾರೆ ಎಂದು ಸೀರೆಯ ನೆರಿಗೆಯೊಳಗೆ ಪಾದ ಮುಚ್ಚಿಕೊಂಡಳು. ಇನ್ನೊಂದು ಸಲ ಕೇಳಿದೆ, ಇನ್ನೊಂದು ಸಲವೂ ಹಾಗೆಯೇ. ಅಲ್ಲದೆ ನನ್ನ ಕಾಲು ಒತ್ತಿದರೆ ನನ್ನದಕ್ಕೆ ಹಿತವಾದೀತು, ಆ ಇನ್ನೊಂದು ಕಾಲಿಗೇನು ಆಗುತ್ತದೆ ಎಂದಳು. ಅದು ನಿಜ.

ಮರುದಿನ ಬೆಳಿಗ್ಗೆ ನಾನು ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಭೀಮಶಿಯ ಮನೆಗೆ ಹೋದೆ. ಹೊತ್ತವರ ಕಡೆಯವನು ಬಂದಿದ್ದೇನೆ, ಕಾಲು ತೋರಿಸು ಎಂದೆ. ಅವನು ಇಲ್ಲವೆನ್ನುವಂತಿರಲಿಲ್ಲ. ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬೆರಳ ಸಂದಿಗಳನ್ನು ನೋಡಿ, ಎಣ್ಣೆ ಹಚ್ಚಿ, ಪಾದದ ಕಮಾನನ್ನು ಹೆಬ್ಬೆರಳಿನಿಂದ ಒತ್ತುತ್ತ ಕೂತೆ. ಭೀಮಶಿ ಮುಜುಗರದಿಂದ ಸೂರು ನೋಡುತ್ತಿದ್ದ. ಒತ್ತುವುದು ಅವನಿಗೆ ತಿಳಿಯುತ್ತಿರಲಿಲ್ಲ. ಗಂಡಸರಿಬ್ಬರೂ ಹಾಗೆ ಎಷ್ಟೋ ಹೊತ್ತು ಕೂತಿದ್ದೆವು. ನನ್ನ ಕೈ ಸೋತಿತು, ಆದರೂ ಬೇಗ ಮುಗಿಸಬೇಕೆನ್ನಿಸಲಿಲ್ಲ.

ಮನೆಗೆ ಬಂದಾಗ ಪದ್ಮವ್ವ ಪಡಸಾಲೆಯ ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ಉದ್ದಕ್ಕೆ ಚಾಚಿಕೊಂಡು ಕೂತಿದ್ದಳು. ಒಲೆ ಇನ್ನೂ ಹೊತ್ತಿಸಿರಲಿಲ್ಲ. ನನ್ನನ್ನು ಕಂಡು ಕಾಲು ಮಡಚಿಕೊಳ್ಳಲು ಹೋದವಳು ಮಡಚಿಕೊಳ್ಳಲಿಲ್ಲ.

"ನಾಳೆ ಎಡಗಾಲಿನ ಹಿಮ್ಮಡ ಇನ್ನೊಂದೀಟು ಒತ್ರಿ" ಎಂದಳು.